ಮಾಸದ ಜರ್ಸಿ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಜಗದೇವ ಸರ್ ಬಗ್ಗೆ ಎರಡು ಪುಟ ಬರೆದಿದ್ದಾರೆ. ಒಳ್ಳೆಯ ಕೋಚ್ ಹೇಗಿರಬೇಕು ಅಂತ ತಲೆಬರಹ. ಶಿಸ್ತು, ತಾಳ್ಮೆ, ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುವ ಗುಣ. ಕೊರಳಿಗೆ ಸೀಟಿ ಹಾಕಿಕೊಂಡು ಸರ್ ನಗುತ್ತಿರುವ ಫೋಟೊ. ಅವರ ಹಿಂದೆ ಮೈದಾನದ ಬಿಳಿ ಗೆರೆ ಕಾಣುತ್ತದೆ. ಆ ಗೆರೆ ಹಾಕಿದವನು ನಾನು.

ಓದಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ನಾನು ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟವನು. ನನ್ನ ಬರಹದಲ್ಲಿ ತಪ್ಪಿರುತ್ತವೆ. ಇರಲಿ. ಆ ಎರಡು ಪುಟದಲ್ಲಿ ಒಂದು ತಪ್ಪೂ ಇಲ್ಲ, ಒಂದು ಸತ್ಯವೂ ಇಲ್ಲ. ಅಫಜಲಪುರದ ಖೋ ಖೋ ಫೈನಲ್ ಬಗ್ಗೆ ಅದರಲ್ಲಿ ಒಂದು ಸಾಲಿಲ್ಲ. ಅದನ್ನು ನಾನು ಬರೆಯುತ್ತೇನೆ.

ನನ್ನ ಹೆಸರು ಸತೀಶಕುಮಾರ. ಆಳಂದದ ಈ ಕಾಲೇಜು, ಹೈಸ್ಕೂಲು ಎರಡಕ್ಕೂ ಒಂದೇ ಸಂಸ್ಥೆ, ಒಂದೇ ಮೈದಾನ, ಒಬ್ಬರೇ ಪಿ.ಟಿ. ಸರ್. ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಖೋ ಖೋ ಟೀಮಿಗೆ ಹೆಸರು ಕೊಟ್ಟೆ. ನಾನು ಓಡಿದ್ದನ್ನು ಸರ್ ನೋಡಿದರು. "ಚಲೋ ಓಡ್ತಿ. ಮೊದಲ ಗೆರಿ ಹಾಕು" ಅಂದರು. ಹಾಕಿದೆ. ಮರುದಿನವೂ ಹಾಕು ಅಂದರು. ಮೂರು ತಿಂಗಳು ಗೆರೆ ಹಾಕಿದೆ. ಉಳಿದವರು ಅದರೊಳಗೆ ಆಡಿದರು. ಒಂದು ದಿನ ಪಾಟಿಚೀಲ ಮನೆಯಲ್ಲೇ ಬಿಟ್ಟು ಬರೀ ಸುಣ್ಣದ ಡಬ್ಬಿ ಹಿಡಿದು ಹೋದೆ. ಯಾರೂ ಕೇಳಲಿಲ್ಲ. ಅವತ್ತಿನಿಂದ ನಾನು ಸಾಲಿಗೆ ಹೋಗಲಿಲ್ಲ, ಮೈದಾನಕ್ಕೆ ಮಾತ್ರ ಹೋದೆ.

ಈಗ ನನಗೆ ಇಪ್ಪತ್ತಮೂರು. ಹತ್ತು ವರ್ಷ ಮುಂಜಾನೆ ಐದಕ್ಕೆ ಸುಣ್ಣ ಜರಡಿ ಹಿಡಿಯುತ್ತಿದ್ದೆ. ದಾರ ಎಳೆದು ಗೂಟ ಬಡಿಯುತ್ತಿದ್ದೆ. ಬಗ್ಗಿ, ಡಬ್ಬಿ ಅಲ್ಲಾಡಿಸುತ್ತ ಗೆರೆ ಎಳೆಯುತ್ತಿದ್ದೆ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಕಲ್ಲಾಗುತ್ತದೆ. ಖೋ ಖೋ ಕಂಬ ನೆಡಲು ಹಾರೆಯಿಂದ ಕುಕ್ಕಿದರೆ ಕೈ ಜುಮ್ಮೆನ್ನುತ್ತದೆ, ಮಣ್ಣು ಏಳುವುದಿಲ್ಲ. ಸುಣ್ಣ ಬೆರಳ ಸಂದಿಯಲ್ಲಿ ತಿಂದು ತಿಂದು ನನ್ನ ಅಂಗೈ ಹೆಂಚಿನ ಹಾಗೆ ಸೀಳಿದೆ. ಖಾರದ ಊಟ ಕೈಯಿಂದ ಉಣ್ಣಲು ಆಗುವುದಿಲ್ಲ.

ನಮ್ಮವ್ವ ಸಾಬವ್ವ ಅದೇ ಕಾಲೇಜಿನಲ್ಲಿ ಕಸ ಹೊಡೆಯುತ್ತಾಳೆ. ಟೀಮಿನ ಜರ್ಸಿಗಳನ್ನು ಒಗೆಯುತ್ತಿದ್ದವಳೂ ಅವಳೇ. ನನ್ನ ತಂಗಿ ಪಂಚಶೀಲಾ ಬಿ.ಎ. ಎರಡನೇ ವರ್ಷ. ನಮ್ಮ ಮನೆಯಲ್ಲಿ ಆ ಮೈದಾನದ ಗೆರೆ ದಾಟಿ ಒಳಗೆ ಹೋದವಳು ಅವಳೊಬ್ಬಳೇ.

ಅವಳಿಗೆ ಖೋ ಖೋ ಕಲಿಸಿದವನು ನಾನು. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯ ಹಿಂದಿನ ಬಯಲಿನಲ್ಲಿ ಕೂರಿಸುತ್ತಿದ್ದೆ. ಕಾಲು ಹೇಗೆ ಮಡಚಬೇಕು, ಹಿಮ್ಮಡಿ ಎಲ್ಲಿ ಊರಬೇಕು ಅಂತ ಪಾದ ಹಿಡಿದು ಇಡುತ್ತಿದ್ದೆ. ಹಿಂದಿನಿಂದ ಬಂದು ಒದ್ದೆ ಮಣ್ಣಿನ ಅಂಗೈ ಬೆನ್ನಿಗೆ ಬಡಿದು ಖೋ ಅನ್ನುತ್ತಿದ್ದೆ. ಅವಳು ಬಾಣದ ಹಾಗೆ ಏಳುತ್ತಿದ್ದಳು. ಫ್ರಾಕಿನ ಬೆನ್ನ ಮೇಲೆ ನನ್ನ ಕೈ ಅಚ್ಚು ಒತ್ತಿರುತ್ತಿತ್ತು. ಅವ್ವ ಬೈಯುತ್ತಿದ್ದಳು. ನನಗೆ ಗೊತ್ತಿರುವ ಕೋಚಿಂಗ್ ಇಷ್ಟೇ. ಕೈ ಬೇಕು. ಕೈ ಇಲ್ಲದೆ ಬರೀ ಬಾಯಿಂದ ಆಟ ಕಲಿಸಲು ಬರುವುದಿಲ್ಲ.

ಖೋ ಖೋ ಆಟವೇ ಹಾಗೆ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಓಡುವವಳನ್ನು ಬೆನ್ನತ್ತುತ್ತಾಳೆ. ಓಡುವವಳು ಸಾಲು ದಾಟಿ ಆ ಕಡೆ ಹೋದರೆ ಬೆನ್ನತ್ತಿದವಳು ದಾಟುವಂತಿಲ್ಲ. ಕೂತವಳ ಬೆನ್ನು ಮುಟ್ಟಿ ಖೋ ಅನ್ನಬೇಕು. ಆಗ ಅವಳೆದ್ದು ಓಡುತ್ತಾಳೆ, ಮುಟ್ಟಿದವಳು ಅವಳ ಜಾಗದಲ್ಲಿ ಕೂರುತ್ತಾಳೆ. ಮುಟ್ಟದಿದ್ದರೆ ಖೋ ಅಲ್ಲ, ಫೌಲ್. ಇದನ್ನು ಸಣ್ಣ ಮಕ್ಕಳೂ ಬಲ್ಲರು. ಜಗದೇವ ಸರ್ ಇಪ್ಪತ್ತು ವರ್ಷದಿಂದ ಇದನ್ನೇ ಕಲಿಸುತ್ತಿದ್ದಾರೆ.

ಅಫಜಲಪುರದ ಫೈನಲ್‌ಗೆ ಎಂಟು ದಿನ ಇತ್ತು. ಅವ್ವ ನಳದ ಹತ್ತಿರ ಜರ್ಸಿ ಒಗೆಯುತ್ತಿದ್ದಳು. ಬಿಳಿ ಜರ್ಸಿ. ಬೆನ್ನ ಮೇಲೆ "ನಾಗಣ್ಣಗೌಡರ ಕೊಡುಗೆ" ಅಂತ ದಪ್ಪಕ್ಷರ. ನಾಗಣ್ಣಗೌಡ ಅಂದರೆ ಟೀಮಿನ ಕ್ಯಾಪ್ಟನ್ ವಿಜಯಶ್ರೀಯ ಅಪ್ಪ, ಸಂಸ್ಥೆಯ ಮೆಂಬರು. ಅವ್ವ ಕಲ್ಲಿನ ಮೇಲೆ ಒಂದೊಂದೇ ಜರ್ಸಿ ಹಾಕಿ ತಿಕ್ಕುತ್ತಿದ್ದಳು.

"ನೋಡಲೇ ಸತ್ಯಾ, ಇವ್ರದು ಬೆನ್ನು ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದು ಹೋತು. ಪಂಚೀದು ಮಾಸೋದ ಇಲ್ಲ. ನೀಟ ಆಡ್ತಾಳ ನನ್ನ ಮಗಳು" ಅಂದಳು. ಅವ್ವನಿಗೆ ಅದು ಹೆಮ್ಮೆ.

ನಾನು ಒಂದೊಂದೇ ಜರ್ಸಿ ಎತ್ತಿ ನೋಡಿದೆ. ಎಂಟು ಜರ್ಸಿಗಳ ಬೆನ್ನ ಮೇಲೆ ಕಪ್ಪು ಎರೆಮಣ್ಣಿನ ಕೈಗಳಿದ್ದವು. ಒಂದರ ಮೇಲೊಂದು. ಐದೂ ಬೆರಳು ಕಾಣುವ ಹಾಗೆ. ಒಂಬತ್ತನೆಯದರ ಎದೆ ಮಾಸಿತ್ತು, ತೋಳು ಮಾಸಿತ್ತು. ಬೆನ್ನು ಮಾತ್ರ ಅಂಗಡಿಯಿಂದ ತಂದ ಹಾಗಿತ್ತು. ಗೌಡನ ಹೆಸರು ಲಕಲಕ ಹೊಳೆಯುತ್ತಿತ್ತು.

ದಿನಾ ಗೆರೆ ಹಾಕಿ ನಾನು ಬಜಾರಕ್ಕೆ ಬೇರೆ ಕೂಲಿಗೆ ಹೋಗುತ್ತಿದ್ದೆ. ಅವರ ಪ್ರಾಕ್ಟೀಸನ್ನು ಒಂದು ದಿನವೂ ನಿಂತು ನೋಡಿರಲಿಲ್ಲ.

ಸಂಜೆ ಪಂಚಿ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತೆ.

"ನಿನಗ ಖೋ ಯಾರು ಕೊಡ್ತಾರ?"

"ಎಲ್ಲಾರೂ ಕೊಡ್ತಾರ."

"ಹೆಂಗ ಕೊಡ್ತಾರ?"

ರೊಟ್ಟಿ ಬಡಿಯುವುದು ನಿಲ್ಲಲಿಲ್ಲ. "ಬಾಯಿಲೆ ಕೊಡ್ತಾರ."

"ಕೈ?"

"ಕೈ ಸನೇಕ ಬರ್ತದ."

"ಎಷ್ಟು ಸನೇಕ?"

ಅವಳು ಹಿಟ್ಟಿನ ಕೈ ಎತ್ತಿ ತೋರಿಸಿದಳು. ಒಂದು ಗೇಣು. "ಸರ್ ಅದಕ್ಕ ಸೌಂಡ್ ಖೋ ಅಂತಾರಣ್ಣಾ. ನಂದು ಕಿವಿ ಚುರುಕ್ ಅವಂತ. ಕಾಲಿನ ಸಪ್ಪಳಕ್ಕ ಏಳ್ತೇನಂತ. ಬ್ಯಾರೇದವ್ರಿಗಿ ಇದು ಬರಂಗಿಲ್ಲಂತ."

"ನೀ ಖೋ ಕೊಡೂವಾಗ?"

"ನಾನೂ ಬಾಯಿಲೇನೆ."

"ಎಷ್ಟು ದಿನಾ ಆತು?"

"ಮೊದಲಿಂದ."

ಎರಡು ವರ್ಷ. ಇನ್ನೊಂದು ಮಾತು ಹೇಳಿದಳು. ಮೊದಲ ವಾರ ಮಸರತ ಅನ್ನುವ ಹುಡುಗಿ, ಪಂಚಿಯ ಪಕ್ಕದ ಚೌಕದಲ್ಲಿ ಕೂರುವವಳು, ಗೊತ್ತಿಲ್ಲದೆ ಕೈ ಮುಟ್ಟಿ ಖೋ ಕೊಟ್ಟಳು. ಸರ್ ಅವಳನ್ನು ಮೈದಾನದ ಸುತ್ತ ಹತ್ತು ರೌಂಡ್ ಓಡಿಸಿದರು. ಟೀಮಿನಲ್ಲಿ ಎಲ್ಲರೂ ಒಂದೇ ಥರ ಮಾಡಬೇಕು ಅಂದರು. ಅದು ಅವರ ಶಿಸ್ತು.

ತಾಲೂಕಿನ ಮ್ಯಾಚುಗಳಲ್ಲಿ ಅಂಪೈರ್ ಆಗಿ ಬರುವವರೆಲ್ಲ ಸರ್ ಗೆಳೆಯರು. ಗಾಳಿಯಲ್ಲಿ ಬಂದ ಕೈ ಅವರಿಗೆ ಬೆನ್ನಿಗೆ ಬಿದ್ದ ಹಾಗೇ ಕಂಡಿತು. ಹಾಗಾದರೆ ಪಂಚಿಯನ್ನು ಟೀಮಿನಲ್ಲಿ ಇಟ್ಟುಕೊಂಡದ್ದೇಕೆ? ಅವಳು ಓಡಲು ಇಳಿದರೆ ಮೂರು ನಿಮಿಷ, ನಾಲ್ಕು ನಿಮಿಷ ಯಾರ ಕೈಗೂ ಸಿಗುತ್ತಿರಲಿಲ್ಲ. ಅವಳಿಂದಲೇ ಟೀಮು ಗೆಲ್ಲುತ್ತಿತ್ತು. ಎದುರಿನವರು ಮುಟ್ಟಿದರೆ ಔಟ್, ನಮ್ಮವರು ಮುಟ್ಟಿದರೆ ಮೈಲಿಗೆ. ಅವರ ಬೆವರಿನ ಅಂಗಿ ನಮ್ಮವ್ವನ ಕೈಗೆ ಬರಬಹುದು. ನಮ್ಮ ಪಂಚಿಯ ಬೆನ್ನಿಗೆ ಅವರ ಕೈ ಬರಬಾರದು.

"ನಾಳೆ ಕೇಳ್ತೇನಿ ಆ ಮಗನ್ನ" ಅಂದೆ.

ಪಂಚಿ ಎದ್ದು ನಿಂತಳು. "ಅಣ್ಣಾ, ನಿನ್ನ ಕಾಲಿಗಿ ಬೀಳ್ತೇನಿ, ಜಗಳ ತಗೀಬ್ಯಾಡ. ಅಫಜಲಪುರದಾಗ ಸೆಲೆಕ್ಷನ್ ಅದ. ಯೂನಿವರ್ಸಿಟಿ ಟೀಮಿಗಿ ಹೋದ್ರ ನಾಳಿ ಬಿಪಿಎಡ್ ಸೀಟಿಗಿ ಆಸರ ಆಗ್ತದ. ನಾ ಕೋಚ್ ಆಗ್ತೇನಿ. ಆಮ್ಯಾಲ ನನ್ನ ಮೈದಾನದಾಗ ನಾ ಹೇಳಿದಂಗ. ಎಂಟು ದಿನ ಬಾಯಿ ಮುಚ್ಚಿಕೊಂಡಿರು."

ನನಗೆ ಮುಚ್ಚಿಕೊಳ್ಳಲು ಆಗಲಿಲ್ಲ. ಮುಂಜಾನೆ ಆರಕ್ಕೆ ಹುಡುಗಿಯರು ಇನ್ನೂ ಬಂದಿರಲಿಲ್ಲ. ಸರ್ ಸ್ಟಾಪ್‌ವಾಚ್ ಒರೆಸುತ್ತ ನಿಂತಿದ್ದರು. ನಾನು ಡಬ್ಬಿ ಹಿಡಿದೇ ಹತ್ತಿರ ಹೋದೆ.

"ಸರ್, ಪಂಚೀಗಿ ಯಾಕ ಮುಟ್ಟಿ ಖೋ ಕೊಡಂಗಿಲ್ರಿ?"

"ಅಲ್ಲಿ ಗೆರಿ ಸೊಟ್ಟ ಆಗ್ಯಾದ ನೋಡು."

"ಗೆರಿ ನೆಟ್ಟಗ ಅದರಿ. ನಾ ಕೇಳಿದ್ದು ಹೇಳ್ರಿ."

ಆಗ ತಲೆ ಎತ್ತಿದರು. "ಏನ್ಲೇ, ದನಿ ಏರ್ಯಾದ?" ಆಮೇಲೆ ನಕ್ಕರು. ಆ ನಗುವೇ ಸಂಚಿಕೆಯ ಫೋಟೊದಲ್ಲಿದೆ. "ತಮ್ಮಾ, ನಾ ಜಾತಿ ಮಾಡಾಂವ ಆಗಿದ್ರ ನಿನ್ನ ತಂಗಿ ಟೀಮಿನಾಗ ಇರ್ತಿದ್ಲೇನು? ಆಕಿ ಹೆಸರು ಬಂದ ದಿವಸ ಗೌಡ್ರು ಇಲ್ಲೇ ಬಂದು ನಿಂತ್ರು. ಆಡಲಿ, ಬ್ಯಾಡ ಅನ್ನಂಗಿಲ್ಲ, ನಮ್ಮ ಹುಡುಗಿ ಮನಿಗಿ ಬಂದು ಪೂಜಾಕ್ಕ ಕೂಡ್ತಾಳ, ಮೈ ಮ್ಯಾಲ ಕೈ ಬ್ಯಾಡ ಅಷ್ಟ ಅಂದ್ರು. ಬ್ಯಾರೆ ಯಾರರ ಆಗಿದ್ರ ನಿನ್ನ ತಂಗೀಗಿ ಹೊರಗ ಹಾಕತಿದ್ರು. ನಾ ಒಂದು ಹಾದಿ ಹುಡುಕಿದೆ. ಟೀಮ್ ಒಡೀಲಿಲ್ಲ, ಯಾರಿಗೂ ನೋವು ಆಗಲಿಲ್ಲ. ಕೋಚ್ ಅಂದ್ರ ಇದು ನೋಡು."

"ಯಾರಿಗೂ ನೋವು ಆಗಿಲ್ಲೇನ್ರಿ?"

"ಆಕಿ ಏನರ ಅಂದಾಳೇನು? ಸುಮ್ಮನ ಅದಾಳ ಪಾಪ. ನಿನಗ್ಯಾಕ ಉರಿ?" ಜೇಬಿನಿಂದ ಟೀಮಿನ ಲಿಸ್ಟ್ ತೆಗೆದರು. ಪೆನ್ನಿನ ಟೊಪ್ಪಿಗೆ ತೆಗೆದರು. "ಹೇಳು. ಆಕಿ ಹೆಸರು ಹೊಡೀಲೇನು? ಈಗ ಹೊಡೀತೇನಿ."

ನನ್ನ ಕೈಯಲ್ಲಿ ಡಬ್ಬಿ ಇತ್ತು. ಅವರ ಮುಖ ಮೂರು ಅಡಿ ದೂರದಲ್ಲಿತ್ತು. ಒಂದು ಹಿಡಿ ಸುಣ್ಣ ಸಾಕಿತ್ತು. ಆದರೆ ಪೆನ್ನು ಪಂಚಿಯ ಹೆಸರಿನ ಮೇಲಿತ್ತು.

ನಾನು ಬಗ್ಗಿ ಗೆರೆ ಹಾಕಿದೆ. ನೆಟ್ಟಗಿದ್ದ ಗೆರೆಯ ಮೇಲೆ ಇನ್ನೊಂದು ಗೆರೆ.

ಅವತ್ತು ಕೂಲಿಗೆ ಹೋಗಲಿಲ್ಲ. ನಿಂತು ಪ್ರಾಕ್ಟೀಸ್ ನೋಡಿದೆ. ವಿಜಯಶ್ರೀ ಕಾಲು ತಪ್ಪಿಟ್ಟರೆ ಸರ್ ಕೂತು ಅವಳ ಹಿಮ್ಮಡಿ ಹಿಡಿದು ಸರಿ ಮಾಡಿದರು. ಇನ್ನೊಬ್ಬಳ ಪಾದ ಉಳುಕಿದಾಗ ತಾವೇ ಪಟ್ಟಿ ಸುತ್ತಿದರು. ಪಂಚಿ ತಪ್ಪಿದಾಗ ಬೆತ್ತದ ತುದಿಯಿಂದ ಅವಳ ಮೊಣಕಾಲು ತಿವಿದು "ಇಲ್ಲಿ" ಅಂದರು. ಎತ್ತಿಗೂ ಇಷ್ಟು ದೂರದಿಂದ ಕಲಿಸುವುದಿಲ್ಲ.

ಫೈನಲ್ ದಿನ ಟೀಮು ಜೀಪಿನಲ್ಲಿ ಹೋಯಿತು. ನಾನು ಕಂಬ, ಹಾರೆ, ಸುಣ್ಣದ ಚೀಲ ಹೇರಿದ ಟೆಂಪೋದಲ್ಲಿ ಹೋದೆ. ಜೀಪಿನಲ್ಲಿ ಸೀಟು ತುಂಬಿತ್ತಂತೆ. ಪಂಚಿಯೂ ನನ್ನ ಜೊತೆ ಚೀಲದ ಮೇಲೆ ಕೂತು ಬಂದಳು. ಇಳಿದಾಗ ಅವಳ ಚಡ್ಡಿಯೆಲ್ಲ ಸುಣ್ಣವಾಗಿತ್ತು.

ಮೈದಾನದ ಅಂಚಿನಲ್ಲಿ ಸರ್ ಗಾಣಗಾಪುರದಿಂದ ತರಿಸಿದ ದಾರ ಹಿಡಿದು ನಿಂತರು. ಒಬ್ಬೊಬ್ಬಳಿಗೂ ದತ್ತನ ಹೆಸರು ಹೇಳಿ ಮುಂಗೈಗೆ ಕಟ್ಟಿದರು, ಎರಡೆರಡು ಗಂಟು. ಪಂಚಿಯ ಸರದಿ ಬಂದಾಗ ದಾರವನ್ನು ಅವಳ ಅಂಗೈ ಮೇಲೆ ಬಿಟ್ಟರು. "ನೀನ ಕಟ್ಟಿಕೊಳ್ಳವ್ವಾ."

ಒಂದೇ ಕೈಯಲ್ಲಿ ದಾರ ಕಟ್ಟಿಕೊಳ್ಳಲು ಬರುವುದಿಲ್ಲ. ಅವಳು ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಎಳೆದಳು. ಬಿಗಿಯಲಿಲ್ಲ. ಮಸರತ ದಾಪುಗಾಲಲ್ಲಿ ಬಂದು ಗಂಟು ಹಾಕಿ ಏನೂ ಆಗದವಳ ಹಾಗೆ ಹೋದಳು. ಸರ್ ಅದನ್ನು ನೋಡಲಿಲ್ಲ. ನಾನು ನೋಡಿದೆ.

ಎದುರಿಗೆ ಜೇವರ್ಗಿ ಟೀಮು. ಅವರ ಕೋಚ್ ಶೈಲಶ್ರೀ ಮೇಡಂ. ಬಣ್ಣ ಹೋದ ಟ್ರ್ಯಾಕ್ ಪ್ಯಾಂಟು, ಒಡಕು ದನಿ. ಅವರ ಹುಡುಗಿಯೊಬ್ಬಳಿಗೆ ಮೀನಖಂಡ ಸೆಳೆದಾಗ ಮೇಡಂ ನೆಲದಲ್ಲೇ ಕೂತು, ಅವಳ ಕಾಲನ್ನು ತೊಡೆ ಮೇಲೆ ಎಳೆದುಕೊಂಡು ಬೈಯುತ್ತ ಬೈಯುತ್ತ ತಿಕ್ಕಿದರು. "ನೀರು ಕುಡಿ ಅಂದ್ರ ಕುಡಿಯಂಗಿಲ್ಲ, ಕತ್ತಿ!" ಬೈಗುಳ ಬಾಯಲ್ಲಿತ್ತು, ಕೈ ನಿಲ್ಲಲಿಲ್ಲ. ಆ ಹುಡುಗಿ ಯಾವ ಜಾತಿಯೋ ನನಗೆ ಗೊತ್ತಾಗಲಿಲ್ಲ. ಆ ಕೈ ನೋಡಿದರೆ ಗೊತ್ತಾಗುವಂತೆಯೂ ಇರಲಿಲ್ಲ.

ಅಂಪೈರ್ ಖಾದರಸಾಬ ಅಂತ. ದೂರದ ಜಿಲ್ಲೆಯವರು, ಬಿಳಿ ಗಡ್ಡ. ಸರ್ ಮುಂಜಾನೆಯೇ ಹೋಗಿ ಚಹಾ ಕುಡಿಯೋಣ ಅಂದಿದ್ದರು. "ನಂದು ಆಗ್ಯಾದರಿ" ಅಂದಿದ್ದರು ಖಾದರಸಾಬರು. ನಾಗಣ್ಣಗೌಡ ಶಾಮಿಯಾನದ ಕೆಳಗೆ ಮುಂದಿನ ಕುರ್ಚಿಯಲ್ಲಿ ಕೂತಿದ್ದ.

ಮೊದಲು ನಮ್ಮವರು ಬೆನ್ನತ್ತುವ ಸರದಿ. ಪಂಚಿ ಆರನೇ ಚೌಕದಲ್ಲಿ ಕೂತಳು, ಮಸರತ ಐದರಲ್ಲಿ. ಎರಡನೇ ನಿಮಿಷದಲ್ಲಿ ವಿಜಯಶ್ರೀ ಓಡಿ ಬಂದು ಪಂಚಿಯ ಬೆನ್ನ ಹಿಂದೆ ಖೋ ಅಂದಳು. ಪಂಚಿ ಎದ್ದಳು. ಸೀಟಿ.

"ಫೌಲ್! ಕೈ ಬಿದ್ದಿಲ್ಲ!"

ಮತ್ತೆ ಬಂದರು. ಮತ್ತೆ ಗಾಳಿ. ಮತ್ತೆ ಸೀಟಿ. ಎರಡು ವರ್ಷ ಗಾಳಿಗೆ ಕಲಿಸಿದ ಕೈ ಬೆನ್ನ ಹತ್ತಿರ ಬಂದೊಡನೆ ತಾನೇ ನಿಂತುಬಿಡುತ್ತಿತ್ತು. ಒಂದು ಸಲ ಬೇರೆ ಹುಡುಗಿ ಮುಟ್ಟಬೇಕೆಂದೇ ಬಂದಳು. ನನಗೆ ಕಂಡಿತು, ಅವಳು ಹಲ್ಲು ಕಚ್ಚಿದ್ದಳು. ಆದರೂ ಕೈ ಗೇಣು ಮುಂಚೆ ನಿಂತಿತು. ಅವಳ ಕಣ್ಣು ಸರ್ ಕಡೆ ಹೋಯಿತು, ಅಲ್ಲಿಂದ ಗೌಡನ ಕಡೆ. ನಾಲ್ಕು ಫೌಲ್.

ಶೈಲಶ್ರೀ ಮೇಡಂ ಎದ್ದು ನಿಂತರು. ಅವರಿಗೆ ಕಾರಣ ತಿಳಿದಿರಲಿಲ್ಲ, ಆಟ ಮಾತ್ರ ತಿಳಿದಿತ್ತು. "ಏ ಹುಡುಗ್ಯಾರ್ಯಾ, ಆರನೇದಾಕಿ ಸುತ್ತ ಓಡ್ರಿ! ಅಲ್ಲಿ ಬಾಗಲಾ ತೆರದದ!"

ಆಮೇಲೆ ನೋಡಿ. ಜೇವರ್ಗಿಯ ಹುಡುಗಿಯರು ಮೈದಾನ ಪೂರ್ತಿ ಬಿಟ್ಟು ನನ್ನ ತಂಗಿಯ ಸುತ್ತ ಸುತ್ತಿದರು. ಅವಳ ಈ ಪಕ್ಕದಿಂದ ದಾಟಿದರು, ಆ ಪಕ್ಕದಿಂದ ದಾಟಿದರು. ಒಬ್ಬಳು ಅವಳೆದುರೇ ನಿಂತು ಉಸಿರು ತೆಗೆದುಕೊಂಡಳು. ಇಡೀ ಮೈದಾನದಲ್ಲಿ ಯಾರೂ ಮುಟ್ಟದ ಜಾಗ ಎಲ್ಲಿದೆ ಅಂತ ಎಲ್ಲರಿಗೂ ತೋರಿಸಿದ ಹಾಗಿತ್ತು. ಜನ ನಗುತ್ತಿದ್ದರು. ನಮ್ಮವರಿಗೆ ಒಂಬತ್ತು ನಿಮಿಷದಲ್ಲಿ ಮೂರೇ ಔಟ್ ಸಿಕ್ಕವು.

ನಮ್ಮವರು ಓಡುವ ಸರದಿಗಳಲ್ಲಿ ಪಂಚಿ ಟೀಮಿನ ಇಜ್ಜತ್ ಉಳಿಸಿದಳು. ಎರಡು ಸಲವೂ ನಾಲ್ಕು ನಿಮಿಷ ಓಡಿದಳು. ಕಂಬದ ಹತ್ತಿರ ಬಿದ್ದು ಮೊಣಕೈ ಸುಲಿಯಿತು, ಎದ್ದು ಮತ್ತೆ ಓಡಿದಳು. ಗೌಡನೂ ಚಪ್ಪಾಳೆ ತಟ್ಟಿದ. ತಟ್ಟಬಹುದು. ತನ್ನ ಕೈಗೆ ತನ್ನದೇ ಕೈ ಮುಟ್ಟುವುದು.

ಕಡೆಯ ಸರದಿ ಉಳಿಯಿತು. ನಮ್ಮವರು ಬೆನ್ನತ್ತಬೇಕು. ಒಂಬತ್ತು ನಿಮಿಷದಲ್ಲಿ ಎಂಟು ಔಟ್ ಮಾಡಿದರೆ ಗೆಲುವು.

ಸರದಿ ಶುರುವಾಗುವ ಮುಂಚೆ ಖಾದರಸಾಬರು ನಮ್ಮ ಕಡೆ ಬಂದರು. "ಮಾಸ್ತರ, ಹುಡುಗ್ಯಾರಿಗಿ ಖೋ ಕೊಡೋದ ಕಲಿಸಿಲ್ಲೇನ್ರಿ? ಆ ಹುಡುಗಿ ಹಿಂದ ಬಂದ್ರ ಸಾಕು, ಎಲ್ಲಾರದೂ ಕೈ ಗೇಣು ದೂರ ನಿಂದ್ರತದ. ಏನು ಭಾನಗಡಿ?"

ಜಗದೇವ ಸರ್ ಒಂದು ಗಳಿಗೆ ತಡೆದರು. ಸತ್ಯ ಹೇಳಲು ಆ ಗಳಿಗೆ ಸಾಕಾಗುತ್ತಿತ್ತು. "ಆಕಿದ ತಪ್ಪು ಸಾಬರ. ಕೈ ಬೀಳೋಕ್ಕಿಂತ ಮೊದಲ ಎದ್ದು ಬಿಡ್ತಾಳ. ದಿನಾ ಹೇಳಿ ಹೇಳಿ ಸಾಕಾಗ್ಯಾದ." ಹಾಗೆಂದು ಪಂಚಿಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಚೀರಿದರು. "ಏ ಪಂಚಶೀಲಾ! ಕೈ ಮುಟ್ಟೋ ತನಕ ಏಳಬ್ಯಾಡ! ತಲ್ಯಾಗ ಏನರ ಅದ ಇಲ್ಲ?"

ಪಂಚಿ ಮೊಣಕೈಯ ರಕ್ತ ಒರೆಸುತ್ತಿದ್ದಳು. ತಲೆ ಎತ್ತಿ ಸರ್ ಮುಖ ನೋಡಿದಳು.

"ಆತ್ರಿ ಸರ್" ಅಂದಳು. "ಮುಟ್ಟೋ ತನಕ ಏಳಂಗಿಲ್ಲ."

ಹೋಗಿ ಆರನೇ ಚೌಕದಲ್ಲಿ ಕೂತಳು.

ಮೊದಲ ಆರು ನಿಮಿಷ ನಮ್ಮವರು ಅವಳನ್ನು ಬಿಟ್ಟೇ ಆಡಿದರು. ಹೇಗೋ ಐದು ಔಟ್ ಮಾಡಿದರು. ಆಮೇಲೆ ಜೇವರ್ಗಿಯ ಹುಡುಗಿಯೊಬ್ಬಳು ಮತ್ತೆ ಆರನೇ ಚೌಕಕ್ಕೆ ಬಂದಳು. ಪಂಚಿಯ ಪಕ್ಕದಿಂದ ದಾಟಿದಳು. ವಿಜಯಶ್ರೀ ಬೆನ್ನ ಹಿಂದೆ ಬಂದು ಖೋ ಅಂದಳು.

ಪಂಚಿ ಏಳಲಿಲ್ಲ.

"ಖೋ!" ಮತ್ತೆ ಅಂದಳು.

"ಮುಟ್ಟು" ಅಂದಳು ಪಂಚಿ. ತಿರುಗಿ ನೋಡದೆ.

"ಏಳಽ ಬೇ! ಟೈಮ್ ಹೊಂಟದ!"

"ಮುಟ್ಟು, ಏಳ್ತೇನಿ."

ಸರ್ ಗೆರೆಯ ಹೊರಗೆ ಕುಣಿಯುತ್ತಿದ್ದರು. "ಏಳ್! ಏಳ್! ಪಂಚಶೀಲಾ, ಏಳ್ತಿಯೋ ಇಲ್ಲೋ!"

"ನೀವ ಹೇಳೀರಿ ಸರ್, ಮುಟ್ಟೋ ತನಕ ಏಳಬ್ಯಾಡಂತ!"

ನಗುತ್ತಿದ್ದವರು ನಿಲ್ಲಿಸಿದರು. ಓಡುತ್ತಿದ್ದ ಜೇವರ್ಗಿಯ ಹುಡುಗಿ ಪಂಚಿಯೆದುರು ನಿಂತು, ಏದುಸಿರು ಬಿಡುತ್ತ, ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾ, ನಿನಗ್ಯಾಕ ಯಾರೂ ಮುಟ್ಟಂಗಿಲ್ಲ?"

"ಅವರಿಗಿ ಕೇಳು."

ಶೈಲಶ್ರೀ ಮೇಡಂ ಬಾಯಿ ತೆರೆದವರು ಹಾಗೇ ಮುಚ್ಚಿದರು. ಅವರಿಗೀಗ ತಿಳಿಯಿತು. ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗಿಟ್ಟರು.

ವಿಜಯಶ್ರೀ ಕಂಬ ಸುತ್ತಿ ಆ ಕಡೆಯಿಂದ ಬಂದು ಮಸರತಗೆ ಖೋ ಕೊಟ್ಟಳು, ಬೆನ್ನಿಗೆ ಫಟ್ ಅನ್ನುವ ಹಾಗೆ. ಮಸರತ ಎದ್ದಳು. ಕಂಬ ಸುತ್ತಿ ಬಂದಳು. ಓಡುವವಳು ಆರನೇ ಚೌಕದಲ್ಲಿ ಮತ್ತೆ ದಾಟಿದಳು. ಮಸರತ ಪಂಚಿಯ ಹಿಂದೆ ಬಂದಳು.

"ಮಸರತ!" ಸರ್ ಚೀರಿದರು. ಮುಟ್ಟು ಅಂತಲೋ, ಬೇಡ ಅಂತಲೋ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಮಸರತ ಬಗ್ಗಿ ಅಂಗೈ ನೆಲಕ್ಕೆ ಒತ್ತಿದಳು. ಕಪ್ಪು ಮಣ್ಣು ಹತ್ತಿದ ಆ ಕೈಯನ್ನು ಪಂಚಿಯ ಬೆನ್ನಿಗೆ ಬಡಿದಳು. "ಖೋ!"

ನನ್ನ ತಂಗಿ ಎದ್ದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಏಳುತ್ತಿದ್ದ ಹಾಗೆ ಎದ್ದಳು. ಮೂರು ಹೆಜ್ಜೆ. ಹಾರಿದಳು. ಔಟ್. ಆರು.

ಎರಡು ವರ್ಷ ಈ ಹುಡುಗಿಯನ್ನು ಗಾಳಿಯಲ್ಲಿ ಕೂರಿಸಿದ್ದರು.

ಇನ್ನು ಒಂದೂವರೆ ನಿಮಿಷ. ಎರಡು ಔಟ್ ಬೇಕು. ಪಂಚಿ ಇನ್ನೊಬ್ಬಳನ್ನು ಕಂಬದವರೆಗೆ ಅಟ್ಟಿದಳು. ಅವಳು ದಾಟಿದಾಗ ಪಂಚಿ ಈಗ ತನ್ನ ಚೌಕದಲ್ಲಿ ಕೂತಿದ್ದ ಮಸರತಳ ಬೆನ್ನಿಗೆ ಪೂರ್ತಿ ಅಂಗೈ ಹಾಕಿ ಖೋ ಕೊಟ್ಟಳು. ಮತ್ತೆ ಆರನೇ ಚೌಕದಲ್ಲಿ ಕೂತಳು. ಮಸರತ ವಿಜಯಶ್ರೀಗೆ ಕೊಟ್ಟಳು. ವಿಜಯಶ್ರೀ ಬೆನ್ನತ್ತಿದಳು. ಓಡುವವಳು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಬಂದಳು. ಪಂಚಿಯ ಪಕ್ಕದಿಂದ ದಾಟಿ, ಎರಡು ಮಾರು ದೂರದಲ್ಲಿ ಮುಗ್ಗರಿಸಿ ಬಿದ್ದಳು. ಮಂಡಿ ಹಿಡಿದು ಕೂತಳು. ಪಂಚಿ ಎದ್ದರೆ ಎರಡೇ ಹೆಜ್ಜೆ. ಕುರುಡರೂ ಔಟ್ ಮಾಡುತ್ತಿದ್ದರು.

ವಿಜಯಶ್ರೀ ಪಂಚಿಯ ಬೆನ್ನ ಹಿಂದೆ ಬಂದು ನಿಂತಳು. ಕೈ ಚಾಚಿದಳು.

ಕೈ ಗೇಣು ದೂರದಲ್ಲಿ ನಿಂತಿತು.

ಅವಳು ಅಪ್ಪನನ್ನು ನೋಡಿದಳು. ಗೌಡ ಕುರ್ಚಿಯಿಂದ ಎದ್ದಿದ್ದ. ಸರ್ ಕಡೆ ನೋಡಿದಳು. ಸರ್ ಗೌಡನನ್ನು ನೋಡುತ್ತಿದ್ದರು. ಒಂದು ಮಾತು. ಕೋಚ್ ಅನ್ನಿಸಿಕೊಂಡವನು ಒಂದೇ ಮಾತು ಹೇಳಬೇಕಿತ್ತು. ಮುಟ್ಟು ಅಂತ. ಆ ಹುಡುಗಿ ಮುಟ್ಟುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ನಾನು ನೋಡಿದ್ದೇನೆ. ಸರ್ ಬಾಯಿ ಬಿಡಲಿಲ್ಲ.

ಪಂಚಿ ಕಾಯುತ್ತಿದ್ದಳು. ಬೆನ್ನು ನೆಟ್ಟಗೆ. ಎದುರಿಗೆ ಬಿದ್ದವಳು ಎದ್ದು ಕುಂಟುತ್ತ ದೂರ ಹೋಗುವುದನ್ನು ನೋಡುತ್ತ, ಏಳದೆ, ಕಾಯುತ್ತಿದ್ದಳು. ಅವಳ ಯೂನಿವರ್ಸಿಟಿ ಟೀಮು ಆ ಕುಂಟು ಕಾಲಿನ ಜೊತೆ ಹೋಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು.

ಕಡೆಯ ಸೀಟಿ. ಒಂದು ಅಂಕದಿಂದ ಸೋಲು.

ಕೂತವರೆಲ್ಲ ಎದ್ದರು. ಪಂಚಿ ಏಳಲಿಲ್ಲ. ಸರ್ ಗೆರೆ ದಾಟಿ ಓಡಿ ಬಂದರು. ಮುಖ ಕೆಂಪಾಗಿತ್ತು. ಅವಳೆದುರು ಬಂದು ಹೊಡೆಯಲು ಬಲಗೈ ಎತ್ತಿದರು. ಕೆನ್ನೆಗೆ ಬೀಸಿದರು.

ಕೈ ನಿಂತಿತು. ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಪಂಚಿ ಕಣ್ಣು ಪಿಳುಕಿಸಲಿಲ್ಲ. "ಹೊಡೀರಿ ಸರ್" ಅಂದಳು. "ಹೊಡ್ಯಾಕರ ಮುಟ್ರಿ."

ಖಾದರಸಾಬರು ಸೀಟಿಯನ್ನು ಬಾಯಿಂದ ತೆಗೆದರು. ಸುತ್ತ ನಿಂತ ಇನ್ನೂರು ಮುನ್ನೂರು ಜನ ಆ ಕೈ ನೋಡುತ್ತಿದ್ದರು. ಇಪ್ಪತ್ತು ವರ್ಷ ಆಟ ಕಲಿಸಿದ ಕೈ. ಇಳಿಸಲೂ ಬಾರದೆ, ಹೊಡೆಯಲೂ ಬಾರದೆ, ಗಾಳಿಯಲ್ಲೇ ಉಳಿಯಿತು.

ಆಮೇಲೆ ಅಶಿಸ್ತು ಅಂತ ಬರೆದು ಪಂಚಿಯ ಹೆಸರನ್ನು ಟೀಮಿನಿಂದ ಹೊಡೆದರು. ಸೆಲೆಕ್ಷನ್ ಆಗಲಿಲ್ಲ. ನನ್ನ ಗೆರೆಯ ಕೆಲಸ ಹೋಯಿತು. ಈಗ ಬೇರೆ ಯಾರೋ ಹಾಕುತ್ತಾರೆ, ಸೊಟ್ಟ ಹಾಕುತ್ತಾರೆ. ಜರ್ಸಿಗಳನ್ನು ಅವ್ವ ಒಗೆಯುವುದಿಲ್ಲ ಅಂದಳು. ಅವುಗಳ ಕಥೆ ನನಗೆ ಗೊತ್ತಿಲ್ಲ. ಸಂಚಿಕೆಯಲ್ಲಿ ಎರಡು ಪುಟ ಬಂತು. ಇದೆಲ್ಲ ಆಮೇಲಿನ ಮಾತು.

ಅವತ್ತು ನಾನು ಗೆರೆಯ ಹೊರಗೆ ನಿಂತಿದ್ದೆ. ಹತ್ತು ವರ್ಷ ನಾನೇ ಹಾಕಿ, ನಾನೇ ದಾಟದ ಗೆರೆ. ಡಬ್ಬಿಯಲ್ಲಿ ಕೈ ಅದ್ದಿದೆ. ಸೀಳಿದ ಅಂಗೈಗೆ ಸುಣ್ಣ ಸುರ್ರೆಂದು ಉರಿಯಿತು. ಗೆರೆ ತುಳಿದುಕೊಂಡೇ ಒಳಗೆ ನಡೆದೆ. ಸರ್ ಕೈ ಇನ್ನೂ ಮೇಲೇ ಇತ್ತು. ಅವರನ್ನು ನಾನು ನೋಡಲಿಲ್ಲ. ತಂಗಿಯ ಹಿಂದೆ ಹೋಗಿ ನಿಂತೆ. ಬೆನ್ನ ಮೇಲೆ ಮಸರತಳ ಕರಿ ಕೈ ಒಂದೇ ಇತ್ತು. ಅದರ ಪಕ್ಕದಲ್ಲಿ, ನಾಗಣ್ಣಗೌಡನ ಹೆಸರಿನ ಮೇಲೆ, ಐದೂ ಬೆರಳು ಊರಿ ನನ್ನ ಕೈ ಒತ್ತಿದೆ.

"ಖೋ" ಅಂದೆ.

ಪಂಚಿ ಎದ್ದಳು.